ಓದುವವರ ಮಾತೇ ಕೊನೆ

ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದಲೇ ಕೂಗಿದರು: “ಗೋಡೆ ನೋಡ್ತಾ ಕೂತ್ರೆ ಗೋಡೆ ಏನು ಮಾತಾಡುತ್ತಾ? ಎದ್ದು ಕೆಲಸಕ್ಕೆ ಹೋಗು. ನಾನೂ ಸ್ವಲ್ಪ ಒಬ್ಬಳೇ ಅಳಬೇಕು.”

ಸೊಸೆ ಎದ್ದಳು. ತಲೆ ಬಾಚಿಕೊಂಡಳು, ಬಸ್ಸು ಹತ್ತಿದಳು. ಚಿಲ್ಲರೆ ಕೊಡಲಿಲ್ಲವೆಂದು ಕಂಡಕ್ಟರ್ ಗೊಣಗಿದ. ಗಂಡ ಸತ್ತವಳ ಮೇಲೂ ಕಂಡಕ್ಟರ್ ಗೊಣಗುತ್ತಾನೆ ಎನ್ನುವುದು ಅವಳಿಗೆ ಒಂದು ರೀತಿಯಲ್ಲಿ ಸಮಾಧಾನವೇ ಆಯಿತು. ಅಳು ಇನ್ನೂ ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಹಾಗೆ ಮೈಯೆಲ್ಲ ಮರಗಟ್ಟಿತ್ತು. ಮರಗಟ್ಟದೆ ಉಳಿದ ಜಾಗ ಹೊಟ್ಟೆಯೊಂದೇ. ಅಲ್ಲಿ ಕಿಚ್ಚಿತ್ತು, ಹಳೆಯದು.

ಗಂಡಹೆಂಡತಿ ಇಬ್ಬರದೂ ಒಂದೇ ಬ್ಯಾಂಕು. ಸುತ್ತಲಿನ ಪಟ್ಟಣಗಳಲ್ಲಿ ಶಾಖೆಗಳಿದ್ದ, ದೊಡ್ಡದೂ ಅಲ್ಲದ ಚಿಕ್ಕದೂ ಅಲ್ಲದ ಬ್ಯಾಂಕು. ಅವಳು ಕೆಳಗೆ ಠೇವಣಿ ಕೌಂಟರಿನಲ್ಲಿ, ಅವನು ಮಹಡಿಯ ಮೇಲೆ ಲೆಕ್ಕಪತ್ರ ವಿಭಾಗದಲ್ಲಿ. ವಾರ್ಷಿಕ ವರದಿ ಅಚ್ಚಿಗೆ ಹೋಗುವ ಮುನ್ನ ಮೇಲೊಂದು ಪದ್ಧತಿ ನಡೆಯುತ್ತಿತ್ತು. ಇಬ್ಬರು ಬಾಗಿಲು ಹಾಕಿಕೊಂಡು ಎದುರುಬದುರು ಕೂರಬೇಕು. ಒಬ್ಬರು ಲೆಕ್ಕಪರಿಶೋಧಕರ ಸಹಿಯಿದ್ದ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಕರಡಿನಲ್ಲಿ ಒಂದೊಂದು ಅಂಕಿಗೂ ಕೆಂಪು ಗುರುತು ಹಾಕಬೇಕು. ಗುರುತು ಹಾಕುವವರು ಮೂಲಪ್ರತಿಯತ್ತ ಇಣುಕುವಂತಿಲ್ಲ. ಇಣುಕಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದಂತೆ. ಓದುವವರ ಮಾತೇ ಕೊನೆ.

ಓದುತ್ತಿದ್ದವನು ಅವನು. ಗುರುತು ಹಾಕುತ್ತಿದ್ದವಳು ಬ್ಯಾಂಕಿಗೆಲ್ಲ ‘ಕೆಂಪುಪೆನ್ನು’ ಎಂದೇ ಗೊತ್ತಿದ್ದ ಹಿರಿಯ ಅಧಿಕಾರಿ. ನಲವತ್ತೈದರ ಆಸುಪಾಸು, ಮದುವೆಯಾಗಿಲ್ಲ, ತಿರುಗಿ ನೋಡುವಂಥ ರೂಪವಲ್ಲ. ಚೆಲುವೆಯಾಗಿದ್ದರೆ ದ್ವೇಷಿಸುವುದು ಎಷ್ಟು ಸುಲಭವಿತ್ತು! ವರದಿಯ ದಿನಗಳಲ್ಲಿ ಗಂಡ ಬೆಳಗಿನಿಂದ ಸಂಜೆಯವರೆಗೆ ಅವಳೆದುರು ಓದಿ, ಮನೆಗೆ ಬಂದು ಗಂಟಲು ಮುಟ್ಟಿ ತೋರಿಸುತ್ತಿದ್ದ. ದನಿಯೆಲ್ಲ ಅಲ್ಲೇ ಖರ್ಚಾಗಿ ಹೆಂಡತಿಯ ಪಾಲಿಗೆ ಬರುತ್ತಿದ್ದುದು ಕೈಸನ್ನೆ. ಕಾಗದ ಹಿಡಿದು ಮೇಲೆ ಹೋದಾಗಲೆಲ್ಲ ಮುಚ್ಚಿದ ಬಾಗಿಲ ಹಿಂದೆ ಆ ದನಿ ಕೇಳುತ್ತಿತ್ತು. ನಡುನಡುವೆ ಇಬ್ಬರ ನಗುವೂ. ಅಂಕಿಗಳಲ್ಲಿ ನಗುವಂಥದ್ದು ಏನಿರುತ್ತದೆ?

ಅವಳು ಕೌಂಟರಿಗೆ ಬಂದು ಕೂತಿದ್ದಳೋ ಇಲ್ಲವೋ, ಮ್ಯಾನೇಜರ್ ಬಂದು ಕೈ ಹೊಸೆಯುತ್ತ ನಿಂತರು.

“ಕೇಳಬಾರದಮ್ಮ, ಆದ್ರೂ ಕೇಳ್ತೀನಿ. ಮಧ್ಯಾಹ್ನ ಆಡಳಿತ ಮಂಡಳಿ ಸಭೆ. ಮೇಲೆ ಓದೋರಿಲ್ಲ. ಹೊಸಬನ್ನ ಕೂರಿಸಿದ್ವಿ, ಕೋಟಿ ಲಕ್ಷಾನೆಲ್ಲ ಬಸ್ ಸ್ಟಾಪ್ ಹೆಸರು ಕೂಗಿದ ಹಾಗೆ ಕೂಗ್ತಾನೆ. ನೀನು ಓದಿಕೊಂಡೋಳು, ಮಾತು ಸ್ಪಷ್ಟ.”

ಯಾರೆದುರು ಎಂದು ಅವಳು ಕೇಳಲಿಲ್ಲ. ಮಹಡಿ ಹತ್ತಿದಳು.

ಕೆಂಪುಪೆನ್ನು ಎದ್ದು ನಿಂತು ಅವನ ಕುರ್ಚಿಯನ್ನು ಎಳೆದು ಕೊಟ್ಟಳು. ಓದು ಶುರುವಾಯಿತು. ಠೇವಣಿ ಹೋದ ವರ್ಷಕ್ಕಿಂತ ಶೇಕಡಾ ಒಂಬತ್ತು ಹೆಚ್ಚು. ಗುರುತು. ಕೊಟ್ಟ ಸಾಲ ಶೇಕಡಾ ಹದಿನಾಲ್ಕು ಹೆಚ್ಚು. ಗುರುತು.

“ಇಲ್ಲಿ ಅವರು ಒಂದು ಸಲ ಕೆಮ್ಮೋರು,” ಎಂದಳು ಕೆಂಪುಪೆನ್ನು. “ಬರೋದಕ್ಕಿಂತ ಹೋಗೋದು ಜೋರಾಗಿದೆ ಅಂತ. ಲಾಭ ಬಂದಾಗ ದನಿ ತಗ್ಗಿಸೋರು, ಪಕ್ಕದ ಮನೆಯವರ ಗುಟ್ಟು ಹೇಳೋ ಹಾಗೆ.”

ಅವನಿಗೆ ತಮಾಷೆ ಮಾಡಲು ಬರುತ್ತಿತ್ತು ಎಂಬುದೇ ಹೆಂಡತಿಗೆ ಸುದ್ದಿ. ತನಗೆ ಕೊಡದೆ ಇಲ್ಲಿ ಎಷ್ಟೆಲ್ಲ ಕೊಟ್ಟಿದ್ದ! ಹೊಟ್ಟೆಯ ಕಿಚ್ಚಿಗೆ ಯಾರೋ ಊದುಗೊಳವೆ ಹಿಡಿದು ಊದಿದಂತಾಯಿತು.

ಮುಂದಿನದು ಗಿರಣಿಯ ಸಾಲು. ನಿರ್ದೇಶಕರೊಬ್ಬರ ಭಾವಮೈದುನನ ಗಿರಣಿಗೆ ಕೊಟ್ಟ ಸಾಲ ವಾಪಸು ಬರುವ ಹಾಗಿರಲಿಲ್ಲ. ಆ ನಷ್ಟಕ್ಕೆಂದು ಲಾಭದಿಂದ ಹದಿನೆಂಟು ಕೋಟಿ ತೆಗೆದಿಡಲೇಬೇಕೆಂದು ಗಂಡ ಹಠ ಹಿಡಿದಿದ್ದ. ಎಂಟು ಸಾಕು, ಲಾಭ ಚೆನ್ನಾಗಿ ಕಾಣಲಿ ಎಂದಿದ್ದರು ಅಧ್ಯಕ್ಷರು. ಕೊನೆಗೆ ಪರಿಶೋಧಕರು ಅವನ ಮಾತನ್ನೇ ಎತ್ತಿಹಿಡಿದಿದ್ದರು. ಮೂಲಪ್ರತಿಯಲ್ಲಿ ಹದಿನೆಂಟು ಎಂದು ಕಣ್ಣಿಗೆ ರಾಚುವಂತಿತ್ತು.

“ಗಿರಣಿ ಸಾಲಕ್ಕೆ ತೆಗೆದಿಟ್ಟ ಮೊತ್ತ, ಎಂಟು ಕೋಟಿ,” ಎಂದು ಅವಳು ಓದಿದಳು.

ಹತ್ತು ಕೋಟಿಯನ್ನು ಬಾಯಲ್ಲೇ ನುಂಗಿದ್ದಳು. ಕರಡಿನ ಕೆಳಗೆ ಸಹಿ ಕೆಂಪುಪೆನ್ನಿನದು. ಅಷ್ಟು ವರ್ಷ ಕಾಪಾಡಿಕೊಂಡ ಹೆಸರು ಸಭೆಯ ನಡುವೆ ಮೂರು ಕಾಸಿಗೆ ಹರಾಜಾಗಲಿ. ಜೊತೆಗೆ ತನ್ನ ನೌಕರಿಯೂ ಹೋದರೆ ಹೋಗಲಿ, ಯಾರಿಗೆ ಬೇಕು.

ಪೆನ್ನು ನಿಂತಿತು. “ಹದಿನೆಂಟಲ್ವಾ?”

“ಇಲ್ಲಿ ಎಂಟಿದೆ.”

ಕೆಂಪುಪೆನ್ನು ಮೂಲಪ್ರತಿಯತ್ತ ಕೈ ಚಾಚಲಿಲ್ಲ, ಕಣ್ಣೂ ಹಾಯಿಸಲಿಲ್ಲ. “ಹಾಗಾದ್ರೆ ಅವರು ಹೋದ ಮೇಲೆ ಬದಲಾಯಿಸಿಬಿಟ್ಟಿದಾರೆ,” ಎಂದಳು. “ಮನುಷ್ಯ ಕಣ್ಣು ಮುಚ್ಚೋದನ್ನೇ ಕಾಯ್ತಿದ್ರು ಅನ್ಸುತ್ತೆ. ಗೆದ್ದೆ ಅಂತ ಎಷ್ಟು ಖುಷಿಯಾಗಿದ್ದ ಕಣಮ್ಮ ಅವತ್ತು.”

ಮೊದಲ ಸಲ ಅವಳ ಬಾಯಲ್ಲಿ ಅವನು ಏಕವಚನವಾಗಿದ್ದ. ಕೆಂಪುಪೆನ್ನು ಕರಡಿನ ಹದಿನೆಂಟರ ಮೇಲೆ ಅಡ್ಡಗೆರೆ ಎಳೆದಳು.

ಹೆಂಡತಿ ಅದನ್ನೇ ನೋಡಿದಳು. ಹೊಡೆದದ್ದು ಇವಳಿಗೆ, ಬಿದ್ದದ್ದು ಅವನು. ಅಧ್ಯಕ್ಷರ ಕೈಯಲ್ಲಿ ಆಗದ್ದನ್ನು ತಾನು ಕೂತಲ್ಲೇ ಮಾಡಿ ಮುಗಿಸಿದ್ದಳು.

“ತಡೀರಿ ಮೇಡಂ. ಹದಿನೆಂಟೇ ಇದೆ. ನಾನೇ ತಪ್ಪು ಓದಿದೆ. ಬೇಕಂತಲೇ.”

ಕೆಂಪುಪೆನ್ನು ಹೊಡೆದು ಹಾಕಿದ್ದರ ಪಕ್ಕ ಮತ್ತೆ ಹದಿನೆಂಟು ಬರೆದು, ಚಿಕ್ಕ ಸಹಿ ಹಾಕಿದಳು. ಆಮೇಲೆ, “ಅವರೂ ಒಮ್ಮೊಮ್ಮೆ ಹೀಗೆ ಮಾಡೋರು,” ಎಂದಳು. “ನಾನು ತೂಕಡಿಸ್ತಿದೀನಾ ಅಂತ ನೋಡೋಕೆ. ಆಮೇಲೆ ಇಬ್ಬರೂ ನಗ್ತಿದ್ವಿ.”

ಅಯ್ಯೋ, ಪಾಪ ಮಾಡಲು ಹೋದರೂ ಅದು ಇವರಿಬ್ಬರ ಹಳೆಯ ಆಟವೇ ಆಗಿರಬೇಕೆ!

ಕೊನೆಯ ಪುಟ ಬಂತು, ಗಂಡನೇ ಬರೆದದ್ದು. ಅಧ್ಯಕ್ಷರು ಕೇಳಿದ್ದ ‘ಉಜ್ವಲ’ ಎಂಬ ಮಾತು ಎಲ್ಲೂ ಇರಲಿಲ್ಲ. “ಮುನ್ನೋಟ. ಬರುವ ವರ್ಷ ಹೊಸ ಸಾಲಕ್ಕಿಂತ ಹಳೆಯ ಬಾಕಿಯ ವಸೂಲಿ ಮುಖ್ಯ. ಬೆಳವಣಿಗೆ ನಿಧಾನವಾದೀತು, ನಿಧಾನವನ್ನು ಸೋಲೆಂದು ತಿಳಿಯಬೇಕಿಲ್ಲ.” ಇಲ್ಲಿ ಹೇಗೆ ಓದುತ್ತಿದ್ದ ಎಂದು ಕೆಂಪುಪೆನ್ನು ಹೇಳಲಿಲ್ಲ. ಹೇಳದಿದ್ದುದಕ್ಕೆ ಹೆಂಡತಿಗೆ ಮೊದಲ ಬಾರಿ ಅವಳ ಮೇಲೆ ಸ್ವಲ್ಪ ಕರುಣೆ ಬಂತು.

ಸಹಿ ಹಾಕಲು ಕೆಂಪುಪೆನ್ನು ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದಳು.

“ಕನ್ನಡಕ ಇಲ್ವಾ ಮೇಡಂ ನಿಮಗೆ?”

“ಇತ್ತು. ನಿಮ್ಮೋರು ತಗೊಂಡ್ರು. ಸಣ್ಣ ಅಕ್ಷರ ಕಾಣ್ತಿರಲಿಲ್ಲ ಅವರಿಗೆ. ನಿಮ್ಮದೇ ಒಂದು ಮಾಡಿಸ್ಕೊಳ್ಳಿ ಅಂದ್ರೆ, ಮದುವೆಯಾಗಿ ಎರಡು ವರ್ಷ ಆಗಿಲ್ಲ, ಹೆಂಡತಿ ಮುದುಕ ಅಂದ್ಕೊಂಡ್ರೆ ಅಂತ ನಾಚ್ಕೊಂಡ್ರು. ಇಲ್ಲಿಂದ ಆಸ್ಪತ್ರೆಗೆ ಒಯ್ಯೋವಾಗ್ಲೂ ಶರ್ಟಿನ ಜೇಬಲ್ಲೇ ಇತ್ತು.”

ಆಸ್ಪತ್ರೆಯವರು ಗಡಿಯಾರ, ಬೀಗದ ಕೈಗಳ ಜೊತೆ ಕೊಟ್ಟಿದ್ದ ಆ ಕಂದು ಕನ್ನಡಕ ಯಾರದ್ದೆಂದು ಅವಳಿಗೆ ತಿಳಿದಿರಲಿಲ್ಲ. ಅವನ ಎದೆಯ ಮೇಲಿತ್ತಲ್ಲ ಎಂದು ಪ್ರತಿ ರಾತ್ರಿ ಮುಷ್ಟಿಯಲ್ಲಿಟ್ಟುಕೊಂಡೇ ಮಲಗಿದ್ದಳು. ಅವಳು ಕೆಳಗಿಳಿದಳು.

ಮರುದಿನ ಹೊರಡುವಾಗ ಅವಳ ಕೈಯಲ್ಲಿದ್ದ ಕನ್ನಡಕವನ್ನು ಅತ್ತೆ ನೋಡಿಬಿಟ್ಟರು. “ಅದನ್ನೆಲ್ಲಿಗೆ ಒಯ್ತೀಯೇ?”

“ಅವರದಲ್ಲ ಅತ್ತೆ. ಕೇಳಿ ತಂದಿದ್ದರಂತೆ.”

“ಹಾಗಾದ್ರೆ ಮೊದಲು ಕೊಟ್ಟು ಬಾ. ಇನ್ನೊಬ್ಬರ ವಸ್ತು ಇಟ್ಕೊಳ್ಳೋನಲ್ಲ ನನ್ನ ಮಗ.”

ಮಹಡಿಯ ಬಾಗಿಲು ತೆರೆದೇ ಇತ್ತು. ಅವಳು ಕನ್ನಡಕವನ್ನು ಮೇಜಿನ ಮೇಲಿಟ್ಟಳು. ಕೆಂಪುಪೆನ್ನು ಹಾಕಿಕೊಂಡಳು. ಅದು ಜಾರಿ ಮೂಗಿನ ತುದಿಗೆ ಬಂತು. ಅವನ ಅಗಲವಾದ ತಲೆಗೆ ಕಡ್ಡಿಗಳು ಹಿಗ್ಗಿಹೋಗಿದ್ದವು. ಕೆಂಪುಪೆನ್ನು ಎರಡೂ ಕೈಯಿಂದ ಅವನ್ನು ಮುಟ್ಟಿ ನೋಡಿ, ಹಾಗೆಯೇ ಹಿಡಿದು ಕೂತಳು.

“ಸಡಿಲ ಆಗಿದೆ,” ಎಂದಳು. “ಇರಲಿ ಬಿಡು. ನಡೆಯುತ್ತೆ.”

“ಬೇಡ ಮೇಡಂ,” ಎಂದಳು ಹೆಂಡತಿ. “ಇವತ್ತೇ ಬಿಗಿ ಮಾಡಿಸ್ಕೊಳ್ಳಿ.”