ಪೈಪಿಗೆ ಮುಖ ಇಲ್ಲ

ಹೋಟೆಲಿನ ನಲವತ್ತು ಬಿಳಿ ಚಾದರಗಳು ವಾಪಸ್ ಬಂದವು. ಒಂದೊಂದರಲ್ಲೂ ತುಕ್ಕಿನಂಥ ಕಲೆ. ಅವನ್ನು ನಮ್ಮ ಅತ್ತಿಗೆ ಮೂರು ಸಲ ಒಗೆದಿದ್ದಳು, ನಾನು ಇಸ್ತ್ರಿ ಮಾಡಿದ್ದೆ. ಮ್ಯಾನೇಜರ್ ಗಂಟನ್ನು ನಮ್ಮ ಬಾಗಿಲಲ್ಲೇ ಕೆಡವಿದ.

"ಒಗೆಯೋದು ಮರೆತುಹೋಯ್ತಾ ನಿಮಗೆ? ಇನ್ನು ಬರಬೇಡಿ."

ನಾವು ಮರೆತಿರಲಿಲ್ಲ, ನೀರು ಕೆಟ್ಟಿತ್ತು. ಹನ್ನೊಂದು ಮನೆಯವರು ಒಗೆಯುವ ಕಾಲುವೆಗೆ ಮೇಲ್ಗಡೆಯಿಂದ ಬಣ್ಣದ ಕಾರ್ಖಾನೆಯವರು ಪೈಪು ಇಳಿಸಿದ್ದರು. ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆದದ್ದಷ್ಟೇ ಬಂತು.

ಆಗ ಬಂದವಳು ಕ್ಯಾಮೆರಾದ ಹುಡುಗಿ. ಪರಿಸರದ ಬಗ್ಗೆ ಬ್ಲಾಗ್ ನಡೆಸುತ್ತಾಳಂತೆ, ಸಾವಿರಾರು ಜನ ನೋಡುತ್ತಾರಂತೆ.

"ನಾನು ಜಾಸ್ತಿ ಬರೆಯಲ್ಲ ಅಕ್ಕ. ಚಿತ್ರದಲ್ಲೇ ಕಥೆ ಹೇಳ್ತೀನಿ. ಜನಕ್ಕೆ ಓದೋಕೆ ಪುರುಸೊತ್ತಿಲ್ಲ, ನೋಡೋಕೆ ಇದೆ."

ಓದು ಬಾರದ ಅತ್ತಿಗೆಗೆ ಈ ಮಾತು ಬಹಳ ಹಿಡಿಸಿತು. ಮೂರು ದಿನ ಹುಡುಗಿಗೆ ನಮ್ಮ ಮನೆಯಲ್ಲೇ ಊಟ. ಅತ್ತಿಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದರೆ "ಹಳೇದೇ ಇರಲಿ ಅಕ್ಕ" ಅಂದಳು. ಬದಲಾಯಿಸಿಯೂ ಆಯಿತು.

ಕೊನೆಯ ದಿನ ಹುಡುಗಿಗೆ ಪೇಚಾಟ. "ಗೋಡೆ ಕಪ್ಪು, ಪೈಪು ಕಪ್ಪು, ನೀರೂ ಕಪ್ಪು. ಚಿತ್ರದಲ್ಲಿ ಏನೂ ಗೊತ್ತಾಗ್ತಿಲ್ಲ."

"ಗೊತ್ತಾಗೋ ಹಾಗೆ ಮಾಡ್ತೀನಿ ಇರು," ಅಂದಳು ಅತ್ತಿಗೆ.

ಒಗೆಯುವವರು ನೀರನ್ನು ಪರೀಕ್ಷೆ ಮಾಡುವುದು ಎತ್ತಿ ಸುರಿದು. ಬಿಸಿಲಿಗೆ ಹಿಡಿದು ಸುರಿದರೆ ನೀರು ತನ್ನ ಬಣ್ಣ ತಾನೇ ಹೇಳುತ್ತದೆ. ಅತ್ತಿಗೆ ಪೈಪಿನ ಬಾಯಿಗೆ ಬಕೆಟ್ ಹಿಡಿದು ತುಂಬಿಸಿದಳು, ಒಗೆಯುವ ಕಲ್ಲಿನ ಮೇಲೆ ನಿಂತಳು, ನಿಧಾನವಾಗಿ ಕಾಲುವೆಗೆ ಸುರಿದಳು.

"ಇನ್ನೊಂದ್ಸಲ ಅಕ್ಕ!"

ಆರು ಸಲ ಸುರಿದಳು. ನಾವೆಲ್ಲ ಚಪ್ಪಾಳೆ ಬೇರೆ ತಟ್ಟಿದೆವು.

ವಾರದ ಮೇಲೆ ಇಸ್ತ್ರಿ ಮೇಜಿನ ಹತ್ತಿರ ನಿಂತು ಬ್ಲಾಗ್ ತೆರೆದೆ. ಅತ್ತಿಗೆ ಬಗ್ಗಿ ನೋಡಿ, "ಅಯ್ಯೋ, ನಾನೇ! ಏನು ಬರೆದಿದಾಳೆ ಓದಪ್ಪ" ಅಂದಳು.

ಇದ್ದದ್ದು ಒಂದೇ ಚಿತ್ರ. ಅದರಲ್ಲಿ ಪೈಪೇ ಇಲ್ಲ. ಅತ್ತಿಗೆ, ಬಕೆಟ್ಟು, ಕಪ್ಪು ನೀರು. ಮೇಲೆ ದಪ್ಪ ಅಕ್ಷರ: 'ನಮ್ಮ ಕಾಲುವೆಗೆ ವಿಷ ಸುರಿಯುವ ಕೈಗಳು'. ಕೆಳಗೆ 'ಈ ಅಭಿಯಾನಕ್ಕೆ ನೆರವು' ಅಂತ ಬರೆದು, ಪಕ್ಕದಲ್ಲಿ ಬಣ್ಣದ ಕಾರ್ಖಾನೆಯ ಗುರುತು.

ಓದಿದೆ. ಅತ್ತಿಗೆ ಇನ್ನೊಂದು ಸಲ ಓದಿಸಿದಳು. ಆಮೇಲೆ, "ಫೋನ್ ಮಾಡು ಅವಳಿಗೆ" ಅಂದಳು.

"ನಾನೇನು ಮಾಡ್ಲಿ ಅಣ್ಣ," ಅಂದಳು ಹುಡುಗಿ. "ಬ್ಲಾಗ್ ನಡೀಬೇಕಲ್ಲ. ಜನಕ್ಕೆ ಒಂದು ಮುಖ ಬೇಕು. ಪೈಪಿಗೆ ಮುಖ ಇಲ್ಲ."

"ಮೂರು ದಿನ ನನ್ನ ಕೈಯಡುಗೆ ಉಂಡೆಯಲ್ಲೇ," ಅಂತ ಅತ್ತಿಗೆ ಫೋನಿಗೆ ಕೂಗಿದಳು. ಹುಡುಗಿ ಫೋನ್ ಇಟ್ಟುಬಿಟ್ಟಳು. ಉಂಡ ಮನೆಗೆ ಎರಡು ಬಗೆಯುವವರ ಬಗ್ಗೆ ಕೇಳಿದ್ದೆ, ಕಣ್ಣಾರೆ ಕಂಡದ್ದು ಆವತ್ತೇ.

ಅದೇ ಚಿತ್ರ ಹಿಡಿದುಕೊಂಡು ನಗರಸಭೆಯ ಅಧಿಕಾರಿ ಬಂದರು.

"ಇದು ನೀನೇ ತಾನೇ?"

"ನಾನೇ ಸ್ವಾಮಿ. ಕೈ ನನ್ನದು, ನೀರು ಅವರದು."

"ಅವರು ಇದರಲ್ಲಿ ಎಲ್ಲಿದಾರೆ, ತೋರಿಸು."

ಅತ್ತಿಗೆ ಕಾಗದದ ಅಂಚಿನವರೆಗೂ ಬೆರಳಾಡಿಸಿದಳು. ತೋರಿಸಲು ಏನೂ ಇರಲಿಲ್ಲ. ಕೋಲು ಕೊಟ್ಟು ಹೊಡೆಸಿಕೊಂಡಿದ್ದೆವು. ಮಧ್ಯಾಹ್ನದೊಳಗೆ ಯಂತ್ರ ಬಂದು ಒಗೆಯುವ ಕಲ್ಲುಗಳನ್ನೆಲ್ಲ ಕಿತ್ತು ಹಾಕಿತು. ದಡದುದ್ದಕ್ಕೂ ತಂತಿ ಬೇಲಿ ಎದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪೈಪು ಮಾತ್ರ ಇದ್ದಲ್ಲೇ ಇತ್ತು. ಹನ್ನೊಂದು ಮನೆಯ ಕೈಗಳಿಗೆ ಕೆಲಸವಿಲ್ಲದೆ ಹೋಯಿತು.

ತಿಂಗಳ ಮೇಲೆ ಬ್ಲಾಗಿನಲ್ಲಿ ಹೊಸ ಚಿತ್ರ ಬಂತು. ಬೇಲಿಯಾಚೆ ಕಾಲುವೆ, ನೀಲಿ ನೀಲಿಯಾಗಿ. 'ಮತ್ತೆ ಉಸಿರಾಡಿದ ಕಾಲುವೆ' ಅಂತ ತಲೆಬರಹ. ಕೆಳಗೆ ಜನರ ಹೊಗಳಿಕೆಯೋ ಹೊಗಳಿಕೆ: 'ಅಬ್ಬಾ, ಆಕಾಶದ ಬಣ್ಣ!'

"ಯಾವತ್ತು ತೆಗೆದದ್ದು?" ಅತ್ತಿಗೆ ಕೇಳಿದಳು.

"ಮೊನ್ನೆ ಮಂಗಳವಾರ."

"ಮಂಗಳವಾರ ಕಾರ್ಖಾನೇಲಿ ನೀಲಿ ಬಣ್ಣ ಕಾಯಿಸ್ತಾರಲ್ಲಪ್ಪ!"

ಅಂದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಅತ್ತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅಲ್ಲಿ ನಾವೂ ಬರೀಬಹುದಾ?" ಅಂದಳು.

"ಬರೀಬಹುದು."

"ಹಾಗಾದ್ರೆ ಬರಿ. 'ಇದು ಆಕಾಶದ ಬಣ್ಣ ಅಲ್ಲ, ಕಾರ್ಖಾನೆ ಬಣ್ಣ. ಒಗೆಯೋರನ್ನ ಓಡಿಸಿ ತಿಂಗಳಾಯ್ತು. ಹಾಗಾದ್ರೆ ಇದನ್ನ ಸುರಿದವರು ಯಾರು?'"

ಬರೆದೆ. ಹತ್ತು ನಿಮಿಷಕ್ಕೆ ಮಾಯ. ಮತ್ತೆ ಬರೆದೆ, ಮತ್ತೆ ಅಳಿಸಿದರು. ಮೂರನೆಯ ಸಲ ನನ್ನ ಫೋನಿಗೆ ಬರೆಯುವ ದಾರಿಯನ್ನೇ ಮುಚ್ಚಿದರು.

ಅತ್ತಿಗೆ ಎದ್ದು ಹೊರಗೆ ಹೋದಳು. ಬರುವಾಗ ಅವಳ ಹಿಂದೆ ಉಳಿದ ಹತ್ತು ಮನೆಯವರೂ ಇದ್ದರು, ಕೈಯಲ್ಲಿ ಅವರವರ ಫೋನು.

"ಎಲ್ಲರದ್ದರಲ್ಲೂ ಅದನ್ನೇ ಬರೆದುಕೊಡು," ಅಂದಳು. "ಅವಳು ಅಳಿಸ್ತಾ ಇರಲಿ. ನಮಗೇನು, ಈಗ ಬೇರೆ ಕೆಲಸ ಇಲ್ವಲ್ಲ."