ನಾಜಿಯಾಳ ಕೆಲಸ, ಖಾಜಾಸಾಬನ ಸಂಶಯ

ಹಳಿಯಾಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಿದ್ದಿ ಸಮುದಾಯದ ಖಾಜಾಸಾಬನ ಮನೆ. ಮಗಳು ನಾಜಿಯಾ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಎಲ್ಲಿ ಕೆಲಸ ಸಿಗುತ್ತದೆ ಎಂದು ಹೇಳುವವರಿರಲಿಲ್ಲ. ಆದರೆ ಕಾಡಿನ ಹಕ್ಕಿಗಳನ್ನು ಅವಳು ಕೂಗಿನಿಂದಲೇ ಗುರುತಿಸುತ್ತಿದ್ದಳು. ಮಹಿಳಾ ಸಂಘದ ಜ್ಯೋತಿ ಹೇಳಿದಂತೆ, ಮಂಗಟ್ಟೆ ಹಕ್ಕಿಯ ವಿಡಿಯೊ ಮಾಡಿ, ಗೈಡ್ ಕೆಲಸ ಬೇಕೆಂದು ಫೇಸ್‌ಬುಕ್ಕಿಗೆ ಹಾಕಿದಳು. ಫೋನ್ ನಂಬರು ಹಾಕಲಿಲ್ಲ.

ಫೇಸ್‌ಬುಕ್ಕಿನಲ್ಲೇ ಎರಡು ಉತ್ತರ ಬಂದವು. ಒಂದು ಗೋವಾದ ರೆಸಾರ್ಟಿನ ಹೆಸರಲ್ಲಿ: ಕೆಲಸ ಪಕ್ಕಾ, ಆಧಾರ್ ಫೋಟೊ ಕಳಿಸು, ನಾಳೆಯೇ ಒಬ್ಬಳೇ ಹೊರಟು ಬಾ. ಇನ್ನೊಂದು ಗಣೇಶಗುಡಿಯಲ್ಲಿ ಹೋಂಸ್ಟೇ ನಡೆಸುವ ರಾಜಶ್ರೀಯದು: ಒಮ್ಮೆ ಬಂದು ಮಾತಾಡಿ.

ಖಾಜಾಸಾಬನಿಗೆ ಎರಡೂ ಮೋಸವೆನಿಸಿತು. ಹರೆಯದಲ್ಲಿ ಏಜೆಂಟನನ್ನು ನಂಬಿ ಹೋಗಿ, ಇಟ್ಟಿಗೆ ಭಟ್ಟಿಯ ಶೆಡ್ಡಿನಲ್ಲಿ ಹೊರಗಿನಿಂದ ಬೀಗ ಹಾಕಿಸಿಕೊಂಡಿದ್ದವನು ಅವನು.

“ಮಾರಿ ನೋಡದವ್ರು ನಿನಗ್ಯಾಕ ಕೆಲಸ ಕೊಡ್ತಾರ? ತಾ ಇಲ್ಲಿ ಫೋನ್!”

ನಾಜಿಯಾ ಅಳುತ್ತ ಹೋಗಿ ಜ್ಯೋತಿಯನ್ನು ಕರೆತಂದಳು.

“ಕಾಕಾ, ಸಂಶಯ ಪಡೂದು ಚಲೋನ ಐತಿ,” ಎಂದಳು ಜ್ಯೋತಿ. “ಆದ್ರ ಫೋನ್ ಕಸ್ಕೊಂಡ್ರ ಖೊಟ್ಟಿ ಯಾವುದು, ಖರೆ ಯಾವುದು ಹೆಂಗ ತಿಳಿತೈತಿ? ನೀವ ಕೇಳ್ರಿ.”

“ನಾ ಏನ್ ಕೇಳ್ಲಿ?”

“ಮಾರಿ ತೋರಸ್ರಿ, ಜಾಗಾ ತೋರಸ್ರಿ ಅನ್ರಿ.”

ಗೋವಾದವನಿಗೆ ವಿಡಿಯೊ ಕರೆ ಮಾಡಿದರು. ಅವನು ಮುಖ ತೋರಿಸಲಿಲ್ಲ. ನಾಜಿಯಾಳ ಪಕ್ಕದಲ್ಲಿದ್ದವರನ್ನು ಕಂಡು, “ಮನೆಯವರಿಗೆ ಯಾಕೆ ಹೇಳಿದೆ?” ಎಂದು ನಾಜಿಯಾಳನ್ನೇ ಗದರಿದ.

“ನಾ ಅಕಿ ಅಪ್ಪ. ನಿಮ್ಮ ರೆಸಾರ್ಟ್ ಯಾವ ಊರಾಗೈತ್ರಿ? ನಾನೂ ಬರ್ತೇನಿ,” ಎಂದ ಖಾಜಾಸಾಬ.

ಕರೆ ಕಟ್ಟಾಯಿತು. ಮತ್ತೆ ಹತ್ತಲಿಲ್ಲ. ಜ್ಯೋತಿ ಅವನ ಪುಟ ತೆಗೆದು ನೋಡಿದಳು. ಹೋದ ವಾರವಷ್ಟೇ ತೆರೆದ ಪುಟ, ಬೇರೆ ಹೋಟೆಲಿನ ಫೋಟೊಗಳು.

ರಾಜಶ್ರೀ ಮಾತ್ರ ವಿಡಿಯೊದಲ್ಲೇ ಅಂಗಳ, ಅಡುಗೆಮನೆ ಎಲ್ಲ ತೋರಿಸಿದಳು. “ಮಗಳ ಜೋಡಿ ನೀವೂ ಬರ್ರಿ. ಇಲ್ಲಿ ಕೆಲಸ ಮಾಡೂರನ್ನ ಕೇಳ್ರಿ,” ಎಂದಳು.

ಆದರೂ ಖಾಜಾಸಾಬ ನಂಬಲಿಲ್ಲ. ಗಣೇಶಗುಡಿಗೆ ಹೋಗಿ ಮೊದಲು ಚಹದಂಗಡಿಯಲ್ಲಿ ವಿಚಾರಿಸಿದ. ಹೋಂಸ್ಟೇಯ ಕೆಲಸದ ಹೆಂಗಸರನ್ನು ಪಕ್ಕಕ್ಕೆ ಕರೆದು, “ಪಗಾರ ಬರೋಬ್ಬರಿ ಕೊಡ್ತಾರೇನ್ರಿ? ಮನಿಗೆ ಹೋಗ್ತೇನಿ ಅಂದ್ರ ಬಿಡ್ತಾರ?” ಎಂದು ಕೇಳಿದ. ಎರಡಕ್ಕೂ ಹೌದೆಂದರು. ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂದು ತಾನೇ ಹಾಕಿ ನೋಡಿದ. ಆಗಷ್ಟೇ ಕುಳಿತು ಚಹ ಕುಡಿದ.

ಈಗ ನಾಜಿಯಾ ಪ್ರವಾಸಿಗರಿಗೆ ಹಕ್ಕಿ ತೋರಿಸುತ್ತಾಳೆ. ನೆರೆಯವರು ಬಂದರೆ ಖಾಜಾಸಾಬ ಅವಳ ವಿಡಿಯೊಗಳನ್ನು ತಾನೇ ತೆಗೆದು ತೋರಿಸುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳ ಕೈಯಿಂದ ಫೋನ್ ಕಸಿಯಬೇಡಿ. ಅವರ ಕೆಲಸ ನಾಲ್ಕು ಜನ ನೋಡಲಿ. ಆದರೆ “ಮನೆಯಲ್ಲಿ ಹೇಳಬೇಡ” ಎನ್ನುವವರನ್ನು ನಂಬಬೇಡಿ, ಆಧಾರ್, ಓಟಿಪಿ ಕೊಡಬೇಡಿ. ಕೇಳಿ, ಹೋಗಿ ನೋಡಿ, ಆಮೇಲೆ ಕಳಿಸಿ.