ಬೋಳು ತಳದ ಕೆಂಪು ಕಾರು

ಗುಂಯ್ ಅಂತ ಬಂತು ನೋಡು, ಸೇತುವೆ ತಿರುವಲ್ಲಿ ಒಂಚೂರು ಕುಂಟುತ್ತೆ, ಹಿಂದಿನ ಎಡಗಡೆ ಚಕ್ರ, ಇರ್ಲಿ, ಮಗಳಿಗೆ ಎಲ್ಲಿ ಗೊತ್ತಾಗುತ್ತೆ, ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತಿದಾಳೆ, ಅಪ್ಪ, ಅಮ್ಮನ ಕಾರು ಕೊಡು, ಹೊಸ ಮನೆಗೆ ತಗೊಂಡು ಹೋಗ್ತೀನಿ, ಮಿಕ್ಕಿದ್ದೆಲ್ಲ ನೀನೇ ಇಟ್ಕೊ — ಕೊಡ್ತೀನಿ ತಾಯಿ, ನಿನಗೇ ಅಂತಲೇ ಓಡೋ ಹಾಗೆ ಮಾಡಿದೀನಿ, ಒಂದು ಸುತ್ತು ನೋಡು ಮೊದ್ಲು, ಮೇಜಿನ ಮೇಲೆ ಆಟಿಕೆ ಕಾರುಗಳ ಊರಿಗೆ ಊರೇ ಇದೆ, ರಸ್ತೆ ಒಳಗೆ ಕಬ್ಬಿಣದ ತಂತಿ ಹೂತಿದೀನಿ, ಕಾರಿನ ಮುಂದೆ ಕೆಳಗಡೆ ಒಂದು ಕಡ್ಡಿ, ಅದರ ತುದೀಲಿ ಚೂರು ಆಯಸ್ಕಾಂತ, ತಂತಿ ಎತ್ತ ಎಳೆಯುತ್ತೋ ಚಕ್ರ ಅತ್ತ, ಮೊನ್ನೆ ಇದು ಪಕ್ಕದ್ಮನೆ ಬೆಕ್ಕನ್ನ ಓವರ್‌ಟೇಕ್ ಮಾಡ್ತು, ಬೆಕ್ಕು ನಾಚ್ಕೊಂಡು ಎರಡು ದಿನ ಹಾಲೇ ಮುಟ್ಲಿಲ್ಲ ಅಂದೆ, ನಗಲಿಲ್ಲ, ಅವಳಮ್ಮ ಆಗಿದ್ರೆ ನಗ್ತಿದ್ಲು, ರೀ, ನಿಮ್ಮ ಬಾಯಿಗೊಂದು ಬ್ರೇಕ್ ಹಾಕಿಸ್ರೀ, ಆಸ್ಪತ್ರೆ ಮಂಚದ ಮೇಲೂ ಅದನ್ನೇ ಅಂದ್ಲು, ಅಲ್ಲೇ ಅಲ್ವಾ ಈ ಕಾರಿನ ತಳಕ್ಕೆ ಸೂಜೀಲಿ ಕೆರೆದಿದ್ದು, ಮರಿಗೆ, ಅಮ್ಮ ಅಂತ, ಐದೇ ಅಕ್ಷರ, ಒಂದು ಮಧ್ಯಾಹ್ನ ಪೂರ್ತಿ ಹಿಡೀತು, ಪಕ್ಕದ ಮಂಚದೋಳನ್ನ ಕೇಳಿ ಕೇಳಿ ಕಲ್ತು, ಅಲ್ಲೀವರೆಗೂ ನನ್ನ ಹಾಗೆ ಹೆಬ್ಬೆಟ್ಟೇ, ಜನ್ಮದಲ್ಲಿ ಬರೆದಿದ್ದೇ ಅಷ್ಟು, ಆಮೇಲೆ ಬರೆಯೋಕೆ ಅವಳೇ ಉಳೀಲಿಲ್ಲ — ಬೋಳು ತಳ, ಮೂರು ದಿನದಿಂದ ಕಣ್ಣು ಮುಚ್ಚಿದ್ರೂ ಅದೇ, ಹೊಳೀತಾ, ಕಡ್ಡಿ ನೀನು ಬರೆದ ತಳಕ್ಕೆ ತಾಗ್ತಿತ್ತು ಕಣೇ, ಚಕ್ರ ತಿರುಗ್ತಿರಲಿಲ್ಲ, ಎರಡು ಕಾಗದದಷ್ಟು ದಪ್ಪ, ಅಷ್ಟೇ ಅಡ್ಡ, ಅರ ತಗೊಂಡೆ, ಉಜ್ಜಿದೆ, ಎಷ್ಟು ಕಾರು ಉಜ್ಜಿಲ್ಲ ಈ ಕೈ, ಯಾವ ಕಾರಾದ್ರೂ ಮೊದಲು ತಳಕ್ಕೇ ಕೈ ಹಾಕೋದು, ಸಿಳ್ಳೆ ಬೇರೆ ಹಾಕ್ತಿದ್ದೆ, ಕತ್ತೆ, ಕಡ್ಡಿ ಆರಾಮಾಗಿ ಆಡಿದ್ದು ನೋಡಿ ಭಲೇ ಅಂತ ನನಗೆ ನಾನೇ ಅಂದ್ಕೊಂಡು ಅಂಗೈ ಮೇಲಿನ ಬಿಳೀ ಪುಡೀನ ಉಫ್ ಅಂತ ಊದಿದೆ, ಊದಿದ ಮೇಲೆ ನೆನಪಾಯ್ತು, ನೆಲದ ಮೇಲೆ ತೆವಳಿದೆ, ಪುಡೀಲಿ ಏನು ಹುಡುಕ್ತಿ, ಅಯ್ಯೋ, ಮಗಳು ಮೇಜಿನ ಹತ್ರ ಬಂದೇಬಿಟ್ಲು, ಕಾರು ಓಡ್ತಿದ್ದ ಹಾಗೇ ಎತ್ಕೊಂಡ್ಲು, ಲೋಕ ಎಲ್ಲ ಕಾರಿನ ಮೂತಿ ನೋಡಿದ್ರೆ ಇವಳು ಸೀದಾ ಮಗುಚಿದ್ಲು, ಅಪ್ಪಾ, ಎಲ್ಲಿ, ಏನು ಎಲ್ಲಿ, ಅಮ್ಮ ಬರೆದಿದ್ದು, ಹೇಳೋ, ತಪ್ಪಾಯ್ತು ಅನ್ನೋ, ಒಂದು ಮಾತು, ನಾಲಿಗೆ ಆಗಲೇ ಹೊರಟಾಗಿತ್ತು, ಓಡಿ ಓಡಿ ಸವೀತು ಮರಿ, ಲೆಕ್ಕ ಹಾಕಿದ್ರೆ ಭೂಮೀನ ಒಂದು ಸುತ್ತು ಹಾಕಿದೆ ಇದು, ಯಾವತ್ತಿಂದ ಓಡ್ತಿದೆ ಅಪ್ಪ, ಮೂರು ದಿನದಿಂದ — ಬೈಯಲಿಲ್ಲ, ಬೈದಿದ್ರೆ ಚೆನ್ನಾಗಿತ್ತು, ಅರ ಎಳೆದ ಗೀರಿನ ಮೇಲೆ ಹೆಬ್ಬೆರಳು ಆಡಿಸಿದ್ಲು, ಕುರುಡರು ಓದೋ ಹಾಗೆ, ಆ ಕೊನೆಯಿಂದ ಈ ಕೊನೆಗೆ, ಇನ್ನೊಂದ್ಸಲ, ಇನ್ನೊಂದು ಸುಳ್ಳು ಬೇಕು ಈಗ, ದೊಡ್ಡದು, ಒಂದೂ ಬರ್ತಿಲ್ಲ, ಆಯಸ್ಕಾಂತ ಎಳೆದು ಅವಳ ಕೈಗಡಿಯಾರದ ಉಕ್ಕಿನ ಪಟ್ಟಿ ಕಡೆಗೆ ಮುಂದಿನ ಚಕ್ರ ಎರಡೂ ತಿರುಗ್ತವೆ, ಅವಳ ಕೈಲಿ ಅಂಗಾತ ಬಿದ್ದಿದೆ ಕಾರು, ರಸ್ತೆ ಇಲ್ಲ, ಚಕ್ರ ಓಡ್ತಿದೆ, ಬೋಳು ತಳ, ಹೊಳೀತಾ